ಗ್ರಾಮೀಣ ಬ್ಯಾಂಕ್ ಮತ್ತು ಸ್ಥಳೀಯ ಶಾಖೆ: ಕೊಪ್ಪಳ ಭಾಗದ ನಿದರ್ಶನ

ಹಿನ್ನೆಲೆ: ಸಣ್ಣ ರೈತರು, ಕೃಷಿ ಕಾರ್ಮಿಕರು ಮತ್ತು ಕುಶಲಕರ್ಮಿಗಳಿಗೆ ಸಾಲ ಒದಗಿಸಲು 1975ರ ಸೆಪ್ಟೆಂಬರ್ 26ರ ಸುಗ್ರೀವಾಜ್ಞೆಯಿಂದ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳು ಆರಂಭವಾದವು, 1976ರಲ್ಲಿ ಕಾಯ್ದೆ ಜಾರಿಗೆ ಬಂದಿತು. ಬಂಡವಾಳದಲ್ಲಿ ಕೇಂದ್ರ ಸರ್ಕಾರದ ಪಾಲು ಶೇ 50, ಪ್ರಾಯೋಜಕ ಬ್ಯಾಂಕಿನದು ಶೇ 35, ರಾಜ್ಯ ಸರ್ಕಾರದ್ದು ಶೇ 15.

ಬೆಳವಣಿಗೆ: ಬಳ್ಳಾರಿಯಲ್ಲಿ 1976ರಲ್ಲಿ ಕೆನರಾ ಬ್ಯಾಂಕಿನ ಪ್ರಾಯೋಜಕತ್ವದಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಸ್ಥಾಪನೆಯಾಯಿತು. ಅದು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣಾ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಸಹ ಇದರಲ್ಲಿ ವಿಲೀನಗೊಂಡಿತು. ಇದರಿಂದ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕ್ ಉಳಿಯಿತು. ಪ್ರಧಾನ ಕಚೇರಿ ಬಳ್ಳಾರಿ.

ಶಾಖೆಯ ಸೇವೆ: ಶಾಖೆಯ ವ್ಯವಹಾರ ಊರಿನ ಆರ್ಥಿಕತೆಯನ್ನು ಅವಲಂಬಿಸುತ್ತದೆ. ಕೊಪ್ಪಳ ಭಾಗದಲ್ಲೇ ನೋಡಿದರೆ, ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಗಂಗಾವತಿಯಲ್ಲಿ ಭತ್ತದ ಬೆಳೆಸಾಲ ಮುಖ್ಯ. ಮಳೆಯಾಶ್ರಿತ ಕುಷ್ಟಗಿ, ಯಲಬುರ್ಗಾದಲ್ಲಿ ಬೆಳೆವಿಮೆ, ಚಿನ್ನದ ಸಾಲ, ಸ್ವಸಹಾಯ ಸಂಘಗಳ ಸಾಲಕ್ಕೆ ಮಹತ್ವವಿದೆ. ಉಕ್ಕಿನ ಕಾರ್ಖಾನೆಯಿರುವ ಗಿಣಿಗೇರಾದಂಥ ಊರಿನಲ್ಲಿ ಕಾರ್ಮಿಕರ ವೇತನ ಖಾತೆಗಳೂ ಸೇರುತ್ತವೆ. ಶಾಖೆಯಿಲ್ಲದ ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಗಳಾದ ಬ್ಯಾಂಕ್ ಮಿತ್ರರು ಬೆರಳಚ್ಚು ಪಡೆದು ಹಣ ಪಾವತಿಸುತ್ತಾರೆ.

ನೆನಪಿಡಬೇಕಾದ ಅಂಶಗಳು: ಹಣ ವರ್ಗಾವಣೆಗೆ ಬಳಸುವ ಐಎಫ್‌ಎಸ್‌ಸಿ ಸಂಕೇತದಲ್ಲಿ 11 ಸ್ಥಾನಗಳಿವೆ: ಮೊದಲ 4 ಬ್ಯಾಂಕನ್ನು, ಕೊನೆಯ 6 ಶಾಖೆಯನ್ನು ಸೂಚಿಸುತ್ತವೆ, ಐದನೆಯದು ಸೊನ್ನೆ. ಠೇವಣಿ ವಿಮೆಯ ಮಿತಿ 5 ಲಕ್ಷ ರೂಪಾಯಿ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಒಬ್ಬರೇ ಇಟ್ಟ ಠೇವಣಿಗಳನ್ನು ಒಟ್ಟುಗೂಡಿಸಿ ಈ ಮಿತಿ ಅನ್ವಯಿಸಲಾಗುತ್ತದೆ.