ಕೋಡ್ ತಾಣಕ್ಕೆ ಮುಂದಿನ ಫೀಚರ್: ಯೋಜನೆಗೆ ಆರು ಹೆಜ್ಜೆ

ಪ್ರೋಗ್ರಾಮರ್‌ಗಳು ಕೋಡ್ ಇಟ್ಟು, ತಿದ್ದಿ, ಹಂಚಿಕೊಳ್ಳುವ ತಾಣ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಗಿಟ್‌ಹಬ್. ಅಂಥ ತಾಣವನ್ನು ಸ್ವಂತ ಸರ್ವರ್‌ನಲ್ಲೇ ನಡೆಸಲು ಗಿಟ್‌ಲ್ಯಾಬ್, ಗಿಟೀ, ಫೋರ್ಜೆಯೋ ಮುಂತಾದ ಮುಕ್ತ ತಂತ್ರಾಂಶಗಳಿವೆ. ಇವುಗಳ ಬಳಕೆದಾರರ ಬೇಡಿಕೆಗೆ ಕೊನೆಯಿಲ್ಲ, ದುಡಿಯುವ ಕೈಗಳು ಮಾತ್ರ ಕೆಲವೇ. ಹಾಗಾಗಿ ‘ಏನು ಬೇಕು’ ಎಂದು ಕೇಳುವಾಗಲೇ ‘ಬಂದ ಮೇಲೆ ಅದನ್ನು ಯಾರು ನೋಡಿಕೊಳ್ಳುತ್ತಾರೆ’ ಎಂದೂ ಕೇಳಬೇಕು.

1. ತೀರ್ಮಾನ ಯಾರದೆಂದು ಬರೆದಿಡಿ

ಇಂಥದೇ ಇನ್ನೊಂದು ಮುಕ್ತ ತಂತ್ರಾಂಶವಾದ ಗಾಗ್ಸ್ ಯೋಜನೆಯಲ್ಲಿ ಕೋಡ್ ಸೇರಿಸುವ ಅಧಿಕಾರ ಒಬ್ಬರ ಕೈಯಲ್ಲೇ ಇದ್ದುದರಿಂದ 2016ರಲ್ಲಿ ಅದು ಕವಲೊಡೆದು ಗಿಟೀ ಹುಟ್ಟಿತು. 2022ರ ಅಕ್ಟೋಬರ್‌ನಲ್ಲಿ ಗಿಟೀಯ ಹೆಸರು, ಡೊಮೈನ್ ಎರಡೂ ಕಂಪನಿಯೊಂದರ ಪಾಲಾದವು. ಡಿಸೆಂಬರ್ ಹೊತ್ತಿಗೆ, ಬರ್ಲಿನ್‌ನ ಲಾಭರಹಿತ ಸಂಸ್ಥೆ ಕೋಡ್‌ಬರ್ಗ್‌ನ ಆಸರೆಯಲ್ಲಿ, ಗಿಟೀಯಿಂದ ಕವಲೊಡೆದು ಫೋರ್ಜೆಯೋ ಶುರುವಾಯಿತು. ಎರಡೂ ಬಾರಿ ತಂಡ ಒಡೆದದ್ದು ನಿರ್ಧಾರದ ಹಕ್ಕಿನ ಪ್ರಶ್ನೆಗೆ. ಯಾವ ಫೀಚರ್ ಒಳಬರಬೇಕೆಂದು ಹೇಳುವವರು ಯಾರು, ಭಿನ್ನಾಭಿಪ್ರಾಯ ಬಂದರೆ ಇತ್ಯರ್ಥ ಹೇಗೆ ಎಂಬುದು ಎಲ್ಲರೂ ಓದುವಂತಿರಲಿ.

2. ಬೇಡಿಕೆಯ ಹಿಂದಿನ ತೊಂದರೆ ಹುಡುಕಿ

‘ಇಲ್ಲೊಂದು ಬಟನ್ ಬೇಕು’ ಎಂಬ ಇಷ್ಯೂ (ತಾಣದಲ್ಲಿ ದಾಖಲಾಗುವ ದೂರು ಅಥವಾ ಬೇಡಿಕೆ) ಬಂದೊಡನೆ ಕೋಡ್ ಬರೆಯಲು ಕೂರಬೇಡಿ. ಆ ಬಳಕೆದಾರರು ಮಾಡಹೊರಟ ಕೆಲಸ ಯಾವುದು, ಎಲ್ಲಿ ಸಿಕ್ಕಿಕೊಂಡರು ಎಂದು ವಿಚಾರಿಸಿ. ಒಂದೇ ತೊಂದರೆಯ ಹತ್ತು ಇಷ್ಯೂಗಳಿದ್ದರೆ ಒಂದಕ್ಕೆ ಜೋಡಿಸಿ, ಉಳಿದವನ್ನು ಕಾರಣ ತಿಳಿಸಿ ಮುಚ್ಚಿ. ಬಗ್ ಮತ್ತು ಹೊಸ ಬೇಡಿಕೆಗಳಿಗೆ ಬೇರೆ ಬೇರೆ ಲೇಬಲ್ ಇರಲಿ.

3. ದೊಡ್ಡ ಬದಲಾವಣೆಗೆ ಮೊದಲು ಪ್ರಸ್ತಾವ

ಪೈಥಾನ್ ಭಾಷೆ 2000ದಿಂದ, ರಸ್ಟ್ 2014ರಿಂದ ದೊಡ್ಡ ಬದಲಾವಣೆಗಳಿಗೆ ಲಿಖಿತ ಪ್ರಸ್ತಾವ ಕೇಳುತ್ತಿವೆ. ಒಂದೆರಡು ಪುಟ ಸಾಕು: ಸಮಸ್ಯೆ, ಪರಿಹಾರ, ಕೈಬಿಟ್ಟ ಪರ್ಯಾಯಗಳು, ಹಳೆಯ ಸರ್ವರ್‌ಗಳ ಮೇಲಾಗುವ ಪರಿಣಾಮ. ಫೋರ್ಜೆಯೋ ಎಸ್‌ಕ್ಯೂಲೈಟ್, ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಮೂರರ ಮೇಲೂ ಓಡಬೇಕು. ಡೇಟಾಬೇಸ್‌ಗೆ ಒಂದು ಕಾಲಂ ಸೇರಿಸಿದರೂ ಮೂರರಲ್ಲೂ ಪರೀಕ್ಷಿಸಬೇಕಾಗುತ್ತದೆ. ಜೊತೆಗೆ, ಮುಂದೆ ಬಗ್ ಬಂದರೆ ಸರಿಪಡಿಸುವ ಮೇಂಟೇನರ್ ಯಾರೆಂಬ ಸಾಲು ಪ್ರಸ್ತಾವದಲ್ಲಿ ಇರಲೇಬೇಕು. ಆ ಜಾಗ ಖಾಲಿಯಿದ್ದರೆ ಫೀಚರ್ ಕಾಯಲಿ.

4. ತುಂಡು ಮಾಡಿ

ಒಂದು ಸರ್ವರ್‌ನಲ್ಲಿ ಖಾತೆಯಿರುವವರು ಇನ್ನೊಂದು ಸರ್ವರ್‌ನ ಯೋಜನೆಗೂ ಕೈಜೋಡಿಸುವಂತಾಗಬೇಕು ಎಂಬುದು ಫೋರ್ಜೆಯೋದ ದೊಡ್ಡ ಗುರಿ. ಇದಕ್ಕೆ ಆಧಾರ, 2018ರಲ್ಲಿ ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯೂ3ಸಿ ಶಿಫಾರಸು ಮಾಡಿದ ಆಕ್ಟಿವಿಟಿಪಬ್ ಮಾನದಂಡ. ತಂಡ ಮೊದಲು ಕೈಗೆತ್ತಿಕೊಂಡದ್ದು ಮಾತ್ರ ಸಣ್ಣ ಭಾಗ: ಬೇರೆ ಸರ್ವರ್‌ನ ರೆಪೊಸಿಟರಿಗೆ (ಕೋಡ್ ಸಂಗ್ರಹಕ್ಕೆ) ಮೆಚ್ಚುಗೆಯ ನಕ್ಷತ್ರ ಕೊಡುವುದು. ಸಂದೇಶ ಕಳಿಸುವುದು, ಕಳಿಸಿದವರನ್ನು ಖಚಿತಪಡಿಸಿಕೊಳ್ಳುವುದು ಮುಂತಾದ ತಳಪಾಯದ ಕೆಲಸ ಆ ಸಣ್ಣ ಭಾಗಕ್ಕೂ ಬೇಕೇ ಬೇಕು. ಹೀಗೆ ಒಂದೊಂದು ತುಂಡೂ ತನ್ನಷ್ಟಕ್ಕೆ ರಿವ್ಯೂ ಮಾಡಬಹುದಾದ ಪುಲ್ ರಿಕ್ವೆಸ್ಟ್ (ಕೋಡ್ ಸೇರಿಸಿಕೊಳ್ಳುವ ಕೋರಿಕೆ) ಆಗಿರಲಿ.

5. ತಾರೀಖು ಗಟ್ಟಿ, ಪಟ್ಟಿ ಸಡಿಲ

ಗಿಟ್‌ಲ್ಯಾಬ್ ತಿಂಗಳಿಗೊಂದು, ಫೋರ್ಜೆಯೋ ಮೂರು ತಿಂಗಳಿಗೊಂದು ರಿಲೀಸ್ ತರುತ್ತದೆ. 2024ರ ಏಪ್ರಿಲ್‌ನಲ್ಲಿ ಫೋರ್ಜೆಯೋ 7.0, ಜುಲೈಯಲ್ಲಿ 8.0, ಅಕ್ಟೋಬರ್‌ನಲ್ಲಿ 9.0 ಬಂದವು. ಸಿದ್ಧವಾಗದ ಫೀಚರ್‌ಗಾಗಿ ರಿಲೀಸ್ ಮುಂದೂಡದೆ, ಫೀಚರನ್ನೇ ಮುಂದಿನ ಮೈಲ್‌ಸ್ಟೋನ್‌ಗೆ ಸರಿಸಿ. ‘ಈಗ’, ‘ಮುಂದೆ’, ‘ಆಮೇಲೆ’ ಎಂಬ ಮೂರು ಕಾಲಂಗಳ ಬೋರ್ಡ್ ಇದ್ದರೆ ದೂರದ ಕೆಲಸಗಳಿಗೆ ತಾರೀಖಿನ ಭರವಸೆ ಕೊಡುವ ಪ್ರಮೇಯವೇ ಬಾರದು.

6. ಹಣ, ಅನುವಾದ ಎರಡಕ್ಕೂ ಜಾಗ ಇಡಿ

ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ 2024ರಲ್ಲಿ ಆರಂಭಿಸಿದ ಫ್ಲಾಸ್ ಫಂಡ್, ಮುಕ್ತ ತಂತ್ರಾಂಶಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಮೀಸಲಿಟ್ಟಿತು. ಅರ್ಜಿ ಹಾಕುವ ಯೋಜನೆ ತನಗೆ ಬೇಕಾದ ಹಣದ ವಿವರವನ್ನು ನಿಗದಿತ ನಮೂನೆಯ ಕಡತದಲ್ಲಿ ಬಹಿರಂಗವಾಗಿ ಇಡಬೇಕು. ಪ್ರಸ್ತಾವಗಳು ಮೊದಲೇ ಸಿದ್ಧವಿದ್ದರೆ ಆ ಕಡತ ತುಂಬುವುದು ಸುಲಭ.

ಇನ್ನು ಅನುವಾದಕ್ಕಾಗಿ, ಪರದೆಯ ಮೇಲಿನ ಹೊಸ ಪದಗಳನ್ನು ರಿಲೀಸ್‌ಗೆ ಕೆಲವು ವಾರ ಮೊದಲೇ ಅಂತಿಮಗೊಳಿಸಿ. ಫೋರ್ಜೆಯೋದ ಅನುವಾದ ನಡೆಯುವುದು ವೆಬ್‌ಲೇಟ್ ಎಂಬ ಅನುವಾದ ವೇದಿಕೆಯಲ್ಲಿ. ಗಿಟ್ ಗೊತ್ತಿಲ್ಲದವರೂ ಬ್ರೌಸರ್‌ನಲ್ಲೇ ಅನುವಾದಿಸಬಹುದು. ಅವರಿಗೆ ಆ ಕೆಲವು ವಾರಗಳ ಬಿಡುವು ಸಿಕ್ಕರೆ, ಹೊಸ ಫೀಚರ್ ರಿಲೀಸ್ ದಿನವೇ ಬಳಕೆದಾರರ ಭಾಷೆಯಲ್ಲೂ ಕಾಣಿಸುತ್ತದೆ.