ಕಬ್ಬಿನ ಬಯಲಿನ ಬಂಡಿದಾರಿ
(ವಿಶ್ವೇಶ್ವರಯ್ಯ ನಾಲಾ ಪ್ರದೇಶದ ಹಿಡುವಳಿದಾರರ ಮತ್ತು ಗ್ರಾಮದ ಯಜಮಾನರ ತಿಳಿವಳಿಕೆಗಾಗಿ)

ಕಬ್ಬಿನ ಬೆಳೆಯಲ್ಲಿ ಬಿತ್ತನೆ ತುಂಡು, ಗೊಬ್ಬರ, ನೀರು ಇವುಗಳ ವಿಷಯದಲ್ಲಿ ರೈತರು ತೋರತಕ್ಕ ಆಸ್ಥೆಯು, ಕಡಿದ ಕಬ್ಬು ಗದ್ದೆಯನ್ನು ಬಿಟ್ಟು ಕಾರ್ಖಾನೆಯ ತೂಕದ ಕಾಟಕ್ಕೆ ಹೋಗತಕ್ಕ ದಾರಿಯ ವಿಷಯದಲ್ಲಿ ಸಾಮಾನ್ಯವಾಗಿ ಕಂಡುಬರುವುದಿಲ್ಲ. ಹನ್ನೆರಡು ತಿಂಗಳು ಕಾಪಾಡಿದ ಬೆಳೆಯ ಲಾಭದಲ್ಲಿ ಒಂದು ಪಾಲು ಕೊನೆಯ ಎರಡು ಮೂರು ಕಿಲೋಮೀಟರುಗಳ ಕೆಸರಿನಲ್ಲಿ ಕಳೆದುಹೋಗುವುದುಂಟು. ಈ ನಷ್ಟವು ಯಾವ ಚೀಟಿಯಲ್ಲಿಯೂ ಬರೆದು ಬರುವುದಿಲ್ಲವಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ.

ಮಂಡ್ಯದ ಸೀಮೆಯ ಹೊಲದಾರಿಗಳು ಕಬ್ಬಿಗಾಗಿ ಹುಟ್ಟಿದವುಗಳಲ್ಲ. ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು 1911 ರಲ್ಲಿ ಆರಂಭವಾಗಿ, ಅದರ ಎಡದಂಡೆಯ ನಾಲೆಯು ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು, ಬಳಿಕ ವಿಶ್ವೇಶ್ವರಯ್ಯನವರ ಹೆಸರನ್ನು ಪಡೆಯಿತು. ಹುಲಿಕೆರೆಯ ಸುರಂಗವನ್ನು ದಾಟಿ ಈ ನಾಲೆಯ ನೀರು ಬರುವುದಕ್ಕೆ ಮುಂಚೆ ಇಲ್ಲಿ ಕೆರೆಯ ಹಿಂದಿನ ಅಲ್ಪಸ್ವಲ್ಪ ಗದ್ದೆಯನ್ನು ಬಿಟ್ಟರೆ ಉಳಿದುದೆಲ್ಲ ಮಳೆಯಾಧಾರದ ರಾಗಿಯ ಹೊಲವಾಗಿತ್ತು. ವ್ಯವಸಾಯದ ಇಲಾಖೆಯ ಡೈರೆಕ್ಟರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಪ್ರಯತ್ನದ ಫಲವಾಗಿ 1933 ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮೇಲೆ ಹೊಲಗಳು ಕಬ್ಬಿನ ಗದ್ದೆಗಳಾದುವು. ದಾರಿಗಳು ಮಾತ್ರ ರಾಗಿಯ ಕಾಲದವಾಗಿಯೇ ಉಳಿದುವು. ಎಕರೆಯೊಂದರ ರಾಗಿಯೂ ಹುಲ್ಲೂ ಎರಡು ಮೂರು ಬಂಡಿಗಳಲ್ಲಿ, ಅದೂ ನೆಲ ಒಣಗಿ ಗಟ್ಟಿಯಾದ ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಕಣ ಸೇರುತ್ತಿದ್ದುವು. ಎಕರೆಗೆ 40 ಟನ್ ಕಬ್ಬು ಬೆಳೆದರೆ ಎರಡೆತ್ತಿನ ಬಂಡಿಯಲ್ಲಿ ಟನ್ನೊಂದರಂತೆ ಹೇರಿದರೂ ನಲವತ್ತು ಸಲ ಹೋಗಿಬರಬೇಕು. ಇದಲ್ಲದೆ ಮಂಡ್ಯದ ಕಡೆ ಕಬ್ಬು ಅರೆಯುವ ಕಾಲವು ಬೆಳಗಾವಿಯ ಸೀಮೆಯಂತೆ ಮಳೆ ಮುಗಿದ ಮೇಲೆ ಮೊದಲಾಗತಕ್ಕದ್ದಲ್ಲ. ಜೂನ್ ಜುಲೈ ತಿಂಗಳುಗಳಲ್ಲಿಯೇ, ಅಂದರೆ ಮೇಲಿನ ಮಳೆಯೂ ನಾಲೆಯ ನೀರೂ ಒಟ್ಟಿಗೆ ಇರುವ ಸಮಯದಲ್ಲಿಯೇ ಆರಂಭವಾಗುತ್ತದೆ. ರಾಗಿಗಾಗಿ ಬಿಟ್ಟ ದಾರಿಯು ಅತಿ ದುರ್ಬಲವಾಗಿರುವ ಸಮಯದಲ್ಲಿ ಅದರ ಮೇಲೆ ಅತಿ ಭಾರವನ್ನು ಹೊರಿಸಿದಂತಾಗುತ್ತದೆ.

ಕಡಿದ ಕಬ್ಬು ಜೀವವಿಲ್ಲದ ಸೌದೆಯಲ್ಲವೆಂಬುದನ್ನು ಮೊದಲು ತಿಳಿಯಬೇಕು. ಅದರ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರೇ ಇರುತ್ತದೆ. ಬೇರಿನ ಆಸರೆ ತಪ್ಪಿದ ಕ್ಷಣದಿಂದ ಈ ನೀರು ಆರಲು ತೊಡಗುತ್ತದೆ. ಅದಕ್ಕಿಂತ ಕೆಟ್ಟ ನಷ್ಟವು ಕಣ್ಣಿಗೆ ಕಾಣುವುದಿಲ್ಲ: ಕಬ್ಬಿನೊಳಗಣ ಇನ್ವರ್ಟೇಸ್ ಎಂಬ ಕಿಣ್ವವು ಹರಳಾಗತಕ್ಕ ಸಕ್ಕರೆಯನ್ನು ಒಡೆದು, ಹರಳುಗಟ್ಟದ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳನ್ನಾಗಿ ಮಾಡಿಬಿಡುತ್ತದೆ. ಕಡಿದ ತುದಿಗಳಲ್ಲಿ ಸೂಕ್ಷ್ಮಜೀವಿಗಳು ಹೊಕ್ಕು ರಸವನ್ನು ಲೋಳೆ ಮಾಡುತ್ತವೆ. ಸೋಗೆಗೆ ಬೆಂಕಿಯಿಟ್ಟು ಕಡಿದ ಕಬ್ಬಿನಲ್ಲಂತೂ ಇವೆಲ್ಲವೂ ಇನ್ನೂ ಶೀಘ್ರವಾಗಿ ನಡೆಯುತ್ತವೆ. ಆದಕಾರಣ ಕಡಿದ ಕಬ್ಬು ಒಂದು ದಿನದೊಳಗೆ ಗಾಣವನ್ನು ಸೇರುವುದು ಉತ್ತಮ. ಆಲೆಮನೆಯಲ್ಲಿ ಬೆಲ್ಲ ಮಾಡುವವರು ಇದನ್ನು ಹಿಂದಿನಿಂದಲೂ ಬಲ್ಲರು; ಹಳಸಿದ ಕಬ್ಬಿನ ಪಾಕವು ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವುದಿಲ್ಲವೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದಾರಿ ಕೆಟ್ಟು ಕಬ್ಬು ಗದ್ದೆಯ ಬದುವಿನಲ್ಲಿ ಮೂರು ದಿವಸ ಬಿದ್ದಿತೆಂದು ಇಟ್ಟುಕೊಳ್ಳೋಣ. ದಿನವೊಂದಕ್ಕೆ ತೂಕದಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಕಡಮೆಯಾದರೂ 40 ಟನ್ನಿನಲ್ಲಿ 1,200 ಕಿಲೋ ಹೋಯಿತು. 2024–25ನೆಯ ಸಾಲಿಗೆ ಕೇಂದ್ರ ಸರ್ಕಾರದವರು ನೂರಕ್ಕೆ 10.25 ಇಳುವರಿಯ ಕಬ್ಬಿಗೆ ಗೊತ್ತುಪಡಿಸಿದ ಕ್ವಿಂಟಾಲಿಗೆ 340 ರೂಪಾಯಿಗಳ ದರದಂತೆ ಇದು 4,080 ರೂಪಾಯಿಗಳು. ದರವು ಸಕ್ಕರೆಯ ಇಳುವರಿಗೆ ಕಟ್ಟುಬಿದ್ದಿರುವುದರಿಂದ, ಒಂದು ಪ್ರದೇಶದಿಂದ ಹಳಸಿದ ಕಬ್ಬೇ ಹೆಚ್ಚಾಗಿ ಬಂದರೆ ಅದರ ಫಲವನ್ನು ತಾಜಾ ಕಬ್ಬು ತಂದವನೂ ಉಣ್ಣಬೇಕಾಗುತ್ತದೆ. ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಕಾರ್ಖಾನೆಯವರು ರೈತನ ಹಣದಲ್ಲಿಯೇ ಮುರಿದುಕೊಳ್ಳುವುದು ವಾಡಿಕೆ. ಲಾರಿಯು ಒಳಕ್ಕೆ ಬಾರದೆ ಕೂಲಿಯಾಳುಗಳು ಹೊರೆ ಹೊತ್ತು ತರಬೇಕಾದಲ್ಲಿ ಆ ಹೆಚ್ಚಿನ ಕೂಲಿಯೂ ಅವನದೇ. ಮಂಡ್ಯದ ಕಾರ್ಖಾನೆಯಲ್ಲಿ ಕೆಲವು ವರ್ಷ ಅರೆಯುವಿಕೆ ನಿಂತಿದ್ದು 2022 ರಲ್ಲಿ ಪುನಃ ಆರಂಭವಾಯಿತು. ನಿಂತಿದ್ದ ಆ ವರ್ಷಗಳಲ್ಲಿ ಕಬ್ಬನ್ನು ದೂರದ ಕಾರ್ಖಾನೆಗಳಿಗೆ ಸಾಗಿಸಿದವರಿಗೆ ಹೆಚ್ಚಿನ ದೂರದ ಬೆಲೆ ಎಷ್ಟೆಂಬುದು ಚೆನ್ನಾಗಿ ತಿಳಿದಿದೆ.

ಈಗ ದಾರಿಯನ್ನೇ ಗದ್ದೆಯಿಂದ ಹಿಡಿದು ನೋಡತಕ್ಕದ್ದು. ಅತ್ಯಂತ ಕಷ್ಟದ ಭಾಗವು ಮೊದಲಿನ ನಾಲ್ಕು ನೂರು ಗಜಗಳೇ. ಹಿಂದಿನ ಗದ್ದೆಯವನು ಮುಂದಿನ ಗದ್ದೆಯ ಮೂಲಕ ಹೊರಬರಬೇಕು. ಮುಂದಿನವನದು ಎಳೆಯ ಕೂಳೆಯೋ ನಾಟಿಯಾದ ಭತ್ತವೋ ಆಗಿದ್ದರೆ ಹಿಂದಿನವನ ಕಬ್ಬು ವಯಸ್ಸು ಮೀರಿ ನಿಂತು, ಹೂವು ಬಿಟ್ಟು ಬೆಂಡಾಗುತ್ತದೆ. ಗ್ರಾಮಗಳಲ್ಲಿ ಅಣ್ಣತಮ್ಮಂದಿರು ಮಾತುಬಿಟ್ಟಿರುವ ಪ್ರಸಂಗಗಳನ್ನು ವಿಚಾರಿಸಿದರೆ ಅವುಗಳಲ್ಲಿ ಎಷ್ಟೋ ಇಂಥ ಬಂಡಿಯ ಜಾಡಿನಿಂದಲೇ ಹುಟ್ಟಿದವಾಗಿರುತ್ತವೆ. ತಂದೆಯ ಕಾಲದಲ್ಲಿ ಒಂದೇ ಆಗಿದ್ದ ಹೊಲವನ್ನು ಮೂವರು ಮಕ್ಕಳು ಹಂಚಿಕೊಳ್ಳುವಾಗ ನೀರಿನ ಕಾಲುವೆಯನ್ನು ಪತ್ರದಲ್ಲಿ ಬರೆಸುತ್ತಾರೆ, ದಾರಿಯನ್ನು ಬರೆಸುವುದಿಲ್ಲ. ಮನೆಯವರೇ ಅಲ್ಲವೆ ಎಂಬ ನಂಬಿಕೆ. ಆ ನಂಬಿಕೆಯು ಒಂದು ತಲೆಮಾರು ನಡೆಯುತ್ತದೆ. 1882ನೆಯ ಇಸವಿಯ ಅನುಭೋಗದ ಹಕ್ಕುಗಳ ಕಾನೂನಿನಂತೆ, ಒಂದೇ ಹಿಡುವಳಿಯು ಭಾಗವಾದಾಗ ಒಳಗಿನ ಭಾಗಕ್ಕೆ ಬೇರೆ ದಾರಿಯೇ ಇಲ್ಲದಿದ್ದರೆ ಅಗತ್ಯದ ದಾರಿಯ ಹಕ್ಕುಂಟು. ಇಪ್ಪತ್ತು ವರ್ಷ ಶಾಂತವಾಗಿಯೂ ಬಹಿರಂಗವಾಗಿಯೂ ಹಕ್ಕೆಂದೇ ಅಡ್ಡಿಯಿಲ್ಲದೆ ನಡೆದ ದಾರಿಗೂ ಹಕ್ಕು ಹುಟ್ಟುತ್ತದೆ. ಆದರೆ ಹಕ್ಕನ್ನು ಕೋರ್ಟಿನಲ್ಲಿ ಸ್ಥಾಪಿಸುವಷ್ಟು ಹೊತ್ತು ಕಬ್ಬು ಕಾಯುವುದಿಲ್ಲ. ವಿಭಾಗಪತ್ರದಲ್ಲಿ ದಾರಿಯ ಅಗಲವನ್ನೂ ದಿಕ್ಕನ್ನೂ ಎರಡು ಸಾಲು ಬರೆಸಿ ನೋಂದಾಯಿಸಿದರೆ ಈ ಕಷ್ಟವೇ ಇಲ್ಲ.

ಗ್ರಾಮದ ನಕಾಶೆಯನ್ನು ಬಿಡಿಸಿ ನೋಡುವುದು ಇನ್ನೊಂದು ಕೆಲಸ. ಅದರಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕೆಯ ಗೆರೆಗಳಿಂದ ತೋರಿಸಿರುತ್ತಾರೆ. ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟ ನೆಲವು ‘ಬಿ’ ಖರಾಬೆಂದು ಲೆಕ್ಕದಲ್ಲಿರುತ್ತದೆ. ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು 1961ನೆಯ ಕಾನೂನಿನಿಂದ ರದ್ದಾಗುವುದಕ್ಕೆ ಮುಂಚೆ, ಯಾವ ಜಾಡು ಎಲ್ಲಿತ್ತೆಂಬುದು ಊರಿನಲ್ಲಿ ಒಬ್ಬಿಬ್ಬರ ಬಾಯಲ್ಲಾದರೂ ಇರುತ್ತಿತ್ತು. ಅಂಥವರು ಈಗಿಲ್ಲ. ವರ್ಷಕ್ಕೊಂದು ಸಾಲಿನಂತೆ ನೇಗಿಲು ಒಳಕ್ಕೆ ಬಂದು, ಹದಿನಾರು ಅಡಿಯ ದಾರಿ ಏಳಡಿಯಾಗಿರುವ ಊರುಗಳಲ್ಲಿ ಯಾರು ಒತ್ತಿದರೆಂದು ವಿಚಾರಿಸುವುದು ವ್ಯರ್ಥ. ಎರಡು ಪಕ್ಕದವರೂ ಒತ್ತಿರುತ್ತಾರೆ. ಅಳತೆ ಮಾಡಿಸಿ, ಯಜಮಾನರ ಸಮ್ಮುಖದಲ್ಲಿ ಎರಡು ಕಡೆಯೂ ಕಲ್ಲು ನೆಡಿಸಿದರೆ ಸಾಕು.

ಹೊಸದಾಗಿ ದಾರಿ ಬಿಡಬೇಕಾದಲ್ಲಿ ಜಮೀನು ಹೋಯಿತೆಂದು ಹಲವರು ಅಂಜುತ್ತಾರೆ. ಇದಕ್ಕೆ ಲೆಕ್ಕ ಸುಲಭ. ಒಂದು ಗುಂಟೆಯೆಂದರೆ 33 ಅಡಿ ಚೌಕ, ಅಂದರೆ 1,089 ಚದರಡಿ. ಹನ್ನೆರಡು ಅಡಿಯ ದಾರಿಗೆ ಗಡಿಯ ಎರಡು ಕಡೆಯವರೂ ಆರಾರು ಅಡಿ ಬಿಟ್ಟರೆ, ಒಬ್ಬನ ಜಮೀನಿನಲ್ಲಿ ಒಂದು ಗುಂಟೆ ಹೋಗುವುದು ಸುಮಾರು 180 ಅಡಿ ಉದ್ದಕ್ಕೆ. ಎಕರೆಗೆ 40 ಟನ್ ಬೆಳೆಯುವಲ್ಲಿ ಗುಂಟೆಗೆ ಒಂದು ಟನ್; ಮೇಲಿನ ದರದಲ್ಲಿ 3,400 ರೂಪಾಯಿ, ಅದರಲ್ಲಿಯೂ ಬೇಸಾಯದ ಖರ್ಚು ಕಳೆಯಬೇಕು. ಕಬ್ಬು ಮೂರು ದಿನ ಬದುವಿನಲ್ಲಿ ಒಣಗಿದ್ದರಿಂದ ಹೋದದ್ದು ಇದಕ್ಕಿಂತಲೂ ಹೆಚ್ಚೆಂಬುದು ಮೇಲೆಯೇ ಕಂಡಿತು.

ದಾರಿಯನ್ನು ಕೆಡಿಸತಕ್ಕದ್ದು ಭಾರವೊಂದೇ ಅಲ್ಲ. ಭಾರಕ್ಕಿಂತ ಮುಂಚೆ ನೀರು. ನಾಲೆಯ ಸೀಮೆಯಲ್ಲಿ ಗದ್ದೆಗಳಲ್ಲಿ ನೀರು ನಿಂತಿದ್ದು, ದಾರಿಯೇ ಅವುಗಳ ನಡುವಿನ ಬಸಿಗಾಲುವೆಯಾಗಿರುವುದನ್ನು ಎಲ್ಲೆಲ್ಲಿಯೂ ನೋಡಬಹುದು. ಎರಡು ಪಕ್ಕದ ಗದ್ದೆಯ ನೀರಿನ ಮಟ್ಟಕ್ಕಿಂತ ದಾರಿಯ ನೆತ್ತಿಯು ಎರಡಡಿಯಾದರೂ ಎತ್ತರದಲ್ಲಿರಬೇಕು. ನಡುವೆ ಉಬ್ಬಿ ಅಂಚುಗಳಿಗೆ ಇಳಿಜಾರಾಗಿರಬೇಕು; ಗೊರಚು ಮಣ್ಣಿನ ದಾರಿಗೆ ಇಪ್ಪತ್ತೈದಕ್ಕೆ ಒಂದರಂತೆ, ಅಂದರೆ ನಡುವಿನಿಂದ ಅಂಚಿಗೆ ಆರಡಿಯಿದ್ದರೆ ಸುಮಾರು ಮೂರು ಅಂಗುಲ ಇಳಿಜಾರು ಸಾಕು. ಪಕ್ಕದ ಚರಂಡಿಯನ್ನು ತೋಡಿದ ಮಣ್ಣನ್ನೇ ನಡುವೆ ಹಾಕಿದರೆ ಎರಡು ಕೆಲಸವೂ ಆಗುತ್ತವೆ. ನೀರು ಹಾಯಿಸುವಾತನು ದಾರಿಗೆ ಅಡ್ಡಲಾಗಿ ಗುದ್ದಲಿಯಿಂದ ಕಡಿದು, ಹೋಗುವಾಗ ಮುಚ್ಚದೆ ಬಿಡುವ ಚಾಳಿಯೊಂದನ್ನು ನಿಲ್ಲಿಸಿದರೆ ಅರ್ಧ ದಾರಿಯನ್ನು ಉಳಿಸಿದಂತೆ. ಅಂಥ ಕಡೆ ಒಂದೊಂದು ಸಿಮೆಂಟಿನ ಕೊಳವೆಯನ್ನು ಹೂಳುವುದು ಪ್ರತಿವರ್ಷದ ಜಗಳಕ್ಕಿಂತ ಅಗ್ಗ. ನಾಲೆಯಲ್ಲಿ ನೀರು ನಿಲ್ಲಿಸಿದ ಬೇಸಗೆಯ ವಾರಗಳೇ ಈ ಕೆಲಸಗಳಿಗೆ ಸಮಯ. ಅರೆಯುವಿಕೆ ಮೊದಲಾದ ಮೇಲೆ ಕೆಸರಿಗೆ ಸೋಗೆ ಹಾಸಿ ಬಂಡಿ ದಾಟಿಸುವುದು ರಿಪೇರಿಯಲ್ಲ.

ಭಾರದ ವಿಷಯದಲ್ಲಿ ಒಂದು ಮಾತು. ಕಿರಿದಾದ ಕಬ್ಬಿಣದ ಪಟ್ಟೆಯ ಚಕ್ರವು ದಾರಿಯನ್ನು ಕತ್ತಿಯಂತೆ ಸೀಳುತ್ತಿತ್ತು. ಗಾಳಿಚಕ್ರ ಬಂದ ಮೇಲೆ ಆ ದೋಷ ತಗ್ಗಿತು, ಆದರೆ ಹೇರುವ ಹೊರೆ ಬೆಳೆಯಿತು. ಅಮೆರಿಕದಲ್ಲಿ 1958 ರಿಂದ 1960 ರ ವರೆಗೆ ನಡೆದ ದೊಡ್ಡದೊಂದು ರಸ್ತೆಯ ಪರೀಕ್ಷೆಯಲ್ಲಿ ಕಂಡುಬಂದಂತೆ, ಅಚ್ಚಿನ ಮೇಲಿನ ಭಾರವು ಇಮ್ಮಡಿಯಾದರೆ ರಸ್ತೆಗಾಗುವ ಹಾನಿಯು ಇಮ್ಮಡಿಯಲ್ಲ, ಸುಮಾರು ಹದಿನಾರು ಪಾಲು. ಟ್ರಾಕ್ಟರಿನ ಎರಡು ಗಾಡಿಗಳ ಮೇಲೆ ಆಕಾಶಕ್ಕೇರಿಸಿ ಒಂದು ಸಲದ ಡೀಸೆಲ್ಲನ್ನು ಉಳಿಸಿದವನು ಊರಿನ ಡಾಂಬರನ್ನು ಖರ್ಚು ಮಾಡಿದನೆಂದು ತಿಳಿಯಬೇಕು. 2000ನೆಯ ಇಸವಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಿಂದ ಅನೇಕ ಹಳ್ಳಿಗಳಿಗೆ ಬಂದ ಡಾಂಬರು ದಾರಿಗಳು ಹಗುರವಾದ ಸಂಚಾರವನ್ನೇ ಮುಖ್ಯವಾಗಿ ಗಮನದಲ್ಲಿಟ್ಟು ಮಾಡಿದವು.

ಊರ ದಾರಿಯು ಮುಂದೆ ನಾಲೆಯ ಏರಿಯನ್ನು ಸೇರುತ್ತದೆ. ಈ ಭಾಗದ ವಿಷಯವು ಹಣದ ಲೆಕ್ಕಕ್ಕೆ ಸೇರಿದುದಲ್ಲ. 2018ನೆಯ ನವೆಂಬರ್ 24 ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮುಳುಗಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹಿಂದಿರುಗುತ್ತಿದ್ದ ಮಕ್ಕಳೂ ಇದ್ದರು. ಏರಿಯ ದಾರಿಯು ಮೂಲತಃ ನಾಲೆಯ ಮೇಲ್ವಿಚಾರಣೆಗಾಗಿ ಮಾಡಿದ್ದು. ಅದರ ಮೇಲೆ ಎದುರುಬದುರಾಗಿ ಕಬ್ಬಿನ ಗಾಡಿಯೂ ಬಸ್ಸೂ ಬಂದರೆ ಒಂದು ಹೊಲದ ಕಡೆಗೆ, ಇನ್ನೊಂದು ನೀರಿನ ಕಡೆಗೆ ಸರಿಯಲೇಬೇಕು. ತಡೆಗೋಡೆ ಇಲ್ಲದ ಏರಿಯ ಮೇಲೆ ಕತ್ತಲಾದ ನಂತರ ಹೇರಿದ ಗಾಡಿಯನ್ನು ಹೊಡೆಯತಕ್ಕದ್ದಲ್ಲ. ಅರ್ಧ ಗಂಟೆ ಹೆಚ್ಚಾದರೂ ಒಳದಾರಿಯೇ ಮೇಲು. ಹಿಂಬದಿಯಲ್ಲಿ ಹೊಳೆಯುವ ಕೆಂಪು ಪಟ್ಟಿಯಿಲ್ಲದೆ, ಸೋಗೆಯ ಮರೆಯಲ್ಲಿ ದೀಪವೇ ಕಾಣದಂತೆ ನಿಂತ ಗಾಡಿಯು ಬೈಸಿಕಲ್ಲು ಮೋಟಾರುಸೈಕಲ್ಲುಗಳವರಿಗೆ ಗೋಡೆಯಿದ್ದಂತೆ. ತಿರುವುಗಳಲ್ಲಿ ಕಬ್ಬು ಎಂಟು ಹತ್ತು ಅಡಿ ಎತ್ತರ ಬೆಳೆದು ಎದುರಿನ ವಾಹನವನ್ನು ಮರೆಮಾಡುತ್ತದೆ. ಮೂಲೆಯ ಗದ್ದೆಯವರು ತಿರುವಿನ ಒಳಬದಿಯಲ್ಲಿ ಇಪ್ಪತ್ತು ಮೂವತ್ತು ಅಡಿ ಕಬ್ಬನ್ನು ಬಿಟ್ಟು ಹುರುಳಿಯನ್ನೋ ಅಲಸಂದೆಯನ್ನೋ ಹಾಕಿದರೆ ನೋಟವು ತೆರೆಯುತ್ತದೆ. ಬೆಳೆಯೂ ಪೂರ್ತಿ ನಷ್ಟವಾಗುವುದಿಲ್ಲ.

ಕಡೆಯದಾಗಿ ಹೆದ್ದಾರಿ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯು 2023ನೆಯ ಮಾರ್ಚಿಯಲ್ಲಿ ಉದ್ಘಾಟಿತವಾಗಿ, ಅದೇ ವರ್ಷದ ಆಗಸ್ಟ್ 1 ರಿಂದ ಅದರ ಮುಖ್ಯ ಭಾಗದಲ್ಲಿ ದ್ವಿಚಕ್ರ ತ್ರಿಚಕ್ರ ವಾಹನಗಳನ್ನೂ ಟ್ರಾಕ್ಟರುಗಳನ್ನೂ ಎತ್ತಿನ ಬಂಡಿಗಳನ್ನೂ ನಿಷೇಧಿಸಲಾಯಿತು. ಕಬ್ಬಿನ ಗಾಡಿಗಳು ಪಕ್ಕದ ಸೇವಾರಸ್ತೆಯನ್ನೇ ಹಿಡಿಯಬೇಕು. ಅಲ್ಲಿ ಅವು ಪೇಟೆಯ ಸಂಚಾರದೊಡನೆ ಸೇರಿ ಬೆಳಗಿನ ಒಂಬತ್ತರ ಹೊತ್ತಿಗೆ ಸಾಲುಗಟ್ಟಿ ನಿಲ್ಲುವುದುಂಟು. ನಸುಕಿನಲ್ಲಿಯೇ ಊರು ಬಿಟ್ಟರೆ ಎತ್ತಿಗೂ ಬಿಸಿಲಿನ ಬಾಧೆಯಿಲ್ಲ, ಕಬ್ಬಿಗೂ ಇಲ್ಲ. ಕಟಾವಿನ ಸರದಿಯ ಚೀಟಿ ಬಂದ ದಿವಸವೇ ಒಂದು ದಾರಿಯನ್ನು ಹಿಡಿಯುವ ನೆರೆಹೊರೆಯವರು ಕೂಡಿ, ಯಾರ ಗದ್ದೆ ಮೊದಲು, ಯಾರದು ಆಮೇಲೆ ಎಂದು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಒಳಗಿನ ಗದ್ದೆಯವನ ಕಬ್ಬು ಮೊದಲು ಬಲಿತಿದ್ದರೆ ದಾರಿಯ ಪಕ್ಕದವನು ತನ್ನ ಗಡಿಯ ಎರಡು ಸಾಲನ್ನು ಮುಂಚಿತವಾಗಿ ಕಡಿದುಕೊಟ್ಟು, ಆ ಕಬ್ಬನ್ನು ಅದೇ ಗಾಡಿಯಲ್ಲಿ ತನ್ನ ಹೆಸರಿನಲ್ಲಿ ತೂಗಿಸಿಕೊಳ್ಳುವ ಏರ್ಪಾಡನ್ನು ಕಾರ್ಖಾನೆಯ ಹೊಲದ ಗುಮಾಸ್ತರೊಡನೆ ಮೊದಲೇ ಮಾತನಾಡಿ ಮಾಡಿಕೊಳ್ಳಬಹುದು.