ಅಮೆರಿಕದ ಆಧುನಿಕ ನಾಟಕ: ಪಾತ್ರ ತೆರೆದುಕೊಳ್ಳುವ ಬಗೆ

ಯೂಜಿನ್ ಓನೀಲ್ ನೇರ ದಾರಿ ಹಿಡಿದವರು. 'ಸ್ಟ್ರೇಂಜ್ ಇಂಟರ್‌ಲ್ಯೂಡ್' (1928) ನಾಟಕದಲ್ಲಿ ಪಾತ್ರಗಳು ಸಂಭಾಷಣೆಯ ನಡುವೆಯೇ ಮನಸ್ಸಿನ ಮಾತನ್ನು ಗಟ್ಟಿಯಾಗಿ ಆಡುತ್ತವೆ. ಅದು ಕೇಳಿಸುವುದು ಪ್ರೇಕ್ಷಕರಿಗೆ ಮಾತ್ರ. ಓನೀಲ್ ಅವರಿಗೆ 1936ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಪಡೆದ ಪುಲಿಟ್ಜರ್ ನಾಲ್ಕು, ಕೊನೆಯದು ಮರಣೋತ್ತರವಾಗಿ 1957ರಲ್ಲಿ.

ಆರ್ಥರ್ ಮಿಲ್ಲರ್ ಅವರ 'ಡೆತ್ ಆಫ್ ಎ ಸೇಲ್ಸ್‌ಮನ್' (1949, ಪುಲಿಟ್ಜರ್) ನಾಟಕವನ್ನು ಅಭ್ಯರ್ಥಿಗಳು ನಿಧಾನವಾಗಿ ಓದಬೇಕು. ವರ್ತಮಾನದ ದೃಶ್ಯಗಳಲ್ಲಿ ಪಾತ್ರಗಳು ಮನೆಯ ಬಾಗಿಲಿನಿಂದಲೇ ಒಳಬರುತ್ತವೆ. ನೆನಪಿನ ದೃಶ್ಯಗಳಲ್ಲಿ ಗೋಡೆಯ ಗೆರೆಯನ್ನೇ ದಾಟಿ ನಡೆಯುತ್ತವೆ. ನಾಯಕ ವಿಲ್ಲಿ ಲೋಮನ್‌ನ ಮನಸ್ಸು ಕದಡುವುದನ್ನು ರಂಗಸಜ್ಜಿಕೆಯೇ ತೋರಿಸುತ್ತದೆ. ಹೆಂಡತಿ ಲಿಂಡಾ ಹರಿದ ಕಾಲುಚೀಲಕ್ಕೆ ಹೊಲಿಗೆ ಹಾಕುತ್ತಿದ್ದರೆ ವಿಲ್ಲಿ ಸಿಡಿದೇಳುತ್ತಾನೆ. ಬಾಸ್ಟನ್‌ನ ಹೋಟೆಲಿನಲ್ಲಿ ಇನ್ನೊಬ್ಬ ಹೆಂಗಸಿಗೆ ಅವನು ಹೊಸ ಕಾಲುಚೀಲ ಕೊಟ್ಟಿದ್ದ. ಮಗ ಬಿಫ್ ಅದನ್ನು ಕಂಡಿದ್ದ. ತಪ್ಪೊಪ್ಪಿಗೆಯ ಒಂದು ಮಾತೂ ಇಲ್ಲದೆ ಅಪರಾಧಪ್ರಜ್ಞೆ ಬಯಲಾಗುತ್ತದೆ. ನನ್ನ ಮಟ್ಟಿಗೆ ಇಡೀ ನಾಟಕದ ಅತ್ಯಂತ ನೋವಿನ ಗಳಿಗೆ ಇದೇ.

ಟೆನೆಸ್ಸಿ ವಿಲಿಯಮ್ಸ್ ಬೆಳಕನ್ನು ಬಳಸಿದರು. 'ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್' (1947) ನಾಟಕದ ಬ್ಲಾಂಚ್, ಬಲ್ಬಿಗೆ ಕಾಗದದ ಆಕಾಶಬುಟ್ಟಿ ತೊಡಿಸಿ ತನ್ನ ವಯಸ್ಸನ್ನೂ ಗತವನ್ನೂ ಮರೆಮಾಡುತ್ತಾಳೆ; ಅವಳನ್ನು ಮೆಚ್ಚಿದ್ದ ಮಿಚ್ ಅದನ್ನು ಕಿತ್ತುಹಾಕುತ್ತಾನೆ.

ಲೊರೇನ್ ಹ್ಯಾನ್ಸ್‌ಬೆರಿ ಅವರ 'ಎ ರೈಸಿನ್ ಇನ್ ದಿ ಸನ್' (1959), ಬ್ರಾಡ್‌ವೇಗೆ ಬಂದ ಕಪ್ಪು ಮಹಿಳೆಯೊಬ್ಬರ ಮೊದಲ ನಾಟಕ. ಅಲ್ಲಿ ತಾಯಿ ಲೀನಾ ಸೊರಗಿದ ಪುಟ್ಟ ಗಿಡವೊಂದನ್ನು ಬಿಡದೆ ಸಾಕುತ್ತಾಳೆ. ಮನೆ ಬಿಡುವಾಗ ಮರಳಿ ಬಂದು ಅದನ್ನೇ ಎತ್ತಿಕೊಂಡು ಹೋಗುತ್ತಾಳೆ.